ಬಿಸಿಲಿನ ಪಾಲು: ಸೂಳೆಕೆರೆ ಏರಿ ಮೇಲೆ ಕೂತು ಒಂದು ವಿಸ್ಕಿ ಲೆಕ್ಕ

ಮೊದಲೇ ಒಂದು ಮಾತು ಹೇಳಿಬಿಡ್ತೀವಿ. ಈ ಲೇಖನ ವಿಸ್ಕಿ ಬಗ್ಗೆ. ಬರೆದ ನಾವು ನಾಲ್ಕು ಜನರಲ್ಲಿ ಯಾರೂ ಅದನ್ನ ಕುಡಿದವರಲ್ಲ. ಹಾಗಾಗಿ ರುಚಿ ಹೇಗಿರುತ್ತೆ ಅಂತ ಕ್ಯಾಂಟೀನಲ್ಲಿ ಹಿಡಿದು ಕೇಳಬೇಡಿ. ನಮಗೆ ಗೊತ್ತಿರೋದು ಅದರ ಹಿಂದಿನ ಕೆಮಿಸ್ಟ್ರಿ, ಸ್ವಲ್ಪ ಲೆಕ್ಕ, ಮತ್ತೆ ನಮ್ಮದೇ ರಾಜ್ಯದ ಒಂದು ಮನೆತನದ ಕತೆ ಅಷ್ಟೇ.

ಶುರುವಾಗಿದ್ದು ಕ್ಲಾಸಲ್ಲಿ. ಕೆಮಿಸ್ಟ್ರಿ ಸರ್ ಡಿಸ್ಟಿಲೇಷನ್ ಹೇಳ್ತಾ ಹೇಳ್ತಾ, "ಬೆಂಗಳೂರಲ್ಲಿ ವಿಸ್ಕಿ ಪೀಪಾಯಿ ಇಟ್ಟರೆ ವರ್ಷಕ್ಕೆ ಹತ್ತರಿಂದ ಹನ್ನೆರಡು ಪರ್ಸೆಂಟ್ ಗಾಳಿಗೆ ಹೋಗುತ್ತೆ, ಸ್ಕಾಟ್ಲೆಂಡಲ್ಲಿ ಬರೀ ಎರಡು" ಅಂದರು. ಹಿಂದಿನ ಬೆಂಚಲ್ಲಿ ಎಲ್ಲರೂ ನಕ್ಕರು. ಸರ್ ನಗಲಿಲ್ಲ. "ನಗೋದಲ್ಲ, ಅದನ್ನ ಇಟ್ಕೊಂಡು ಹೇಗೆ ಬಿಸಿನೆಸ್ ಮಾಡ್ತಾರೆ ಯೋಚನೆ ಮಾಡಿ" ಅಂತ ಹೇಳಿ ಬೋರ್ಡ್ ಒರೆಸಿ ಹೋದರು. ಆ ಪ್ರಶ್ನೆ ನಮ್ಮ ತಲೆಯಲ್ಲೇ ಉಳೀತು.

ಅದಕ್ಕೆ ಉತ್ತರ ಹೊಳೆದಿದ್ದು ಮಾತ್ರ ದಸರಾ ರಜೆಯಲ್ಲಿ, ಚನ್ನಗಿರಿ ಕಡೆ ಇರೋ ನಮ್ಮ ಗೆಳೆಯನ ಊರಿಗೆ ಹೋದಾಗ.

ಕೆರೆ ಏರಿ ಮೇಲೆ

ಗೆಳೆಯನ ಊರಿಂದ ಸೂಳೆಕೆರೆ ಹತ್ತಿರ. ನೋಡದೇ ಇರೋರಿಗೆ ಹೇಳೋದಾದ್ರೆ: ಇದು ಚನ್ನಗಿರಿ ತಾಲ್ಲೂಕಲ್ಲಿದೆ, ದಾವಣಗೆರೆ ಕಡೆಯಿಂದ ಬರೋ ರಸ್ತೆ ಇದರ ಏರಿ ಮೇಲೇ ಹಾದು ಹೋಗುತ್ತೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಬೆಟ್ಟ, ನಡುವಿನ ಕಿಂಡಿಯಲ್ಲಿ ಹರಿದ್ರಾ ಹೊಳೆ ಹರೀತಿತ್ತು. ಆ ಕಿಂಡಿಗೆ ಏರಿ ಹಾಕಿದರು. ಸಿವಿಲ್ ಓದೋ ಗೆಳೆಯ ಅಲ್ಲೇ ನಿಂತು ಹೇಳಿದ: "ನೋಡ್ರೋ, ಸೈಟ್ ಸೆಲೆಕ್ಷನ್ ಅಂದ್ರೆ ಇದು. ಕಟ್ಟೋದು ಚಿಕ್ಕ ಏರಿ, ನಿಲ್ಲೋದು ಸಾವಿರಾರು ಎಕರೆ ನೀರು." ಸಿದ್ಧನಾಲೆ, ಬಸವನಾಲೆ ಅಂತ ಎರಡು ನಾಲೆ ಇಲ್ಲಿಂದ ಹೊರಡ್ತವೆ. ಚಿತ್ರದುರ್ಗದವರು ಕುಡಿಯೋ ನೀರಿಗೂ ಈ ಕೆರೆಯನ್ನ ನಂಬಿದ್ದಾರೆ. ಕಟ್ಟಿ ಎಂಟುನೂರು ವರ್ಷದ ಮೇಲಾಯ್ತು.

ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ಕೂತಿದ್ವಿ. ಮಳೆ ಚೆನ್ನಾಗಿ ಆಗಿತ್ತು, ಕಣ್ಣು ಹಾಯಿಸಿದಷ್ಟು ನೀರು. ನಮ್ಮಲ್ಲೊಬ್ಬ, "ಅಜ್ಜ, ಇಷ್ಟು ನೀರಿದ್ರೆ ನಿಮಗೇನು ಚಿಂತೆ ಬಿಡಿ" ಅಂದ. ಗೆಳೆಯನ ಅಜ್ಜ ನಕ್ಕು ಅಂದರು: "ಇದೆಲ್ಲಾ ನಮ್ದೇ ಅಂತ ತಿಳ್ಕಂಡ್ರೇನಪ್ಪಾ? ಬ್ಯಾಸ್ಗೆ ಬರ್ಲಿ, ಬಿಸ್ಲು ತನ್ನ ಪಾಲು ತಗಂಡೇ ಹೋಗುತ್ತೆ. ಅದ್ನ ಬಿಟ್ಟು ಉಳಿದದ್ದು ನಮ್ದು. ಲೆಕ್ಕ ಹಾಕೋನು ಉಳಿದದ್ರಲ್ಲಿ ಹಾಕ್ಬೇಕು."

ಬಿಸಿಲಿನ ಪಾಲು! ನಾವು ಮುಖ ಮುಖ ನೋಡ್ಕೊಂಡ್ವಿ. ಯಾಕಂದ್ರೆ ಪೀಪಾಯಿಯಿಂದ ಆವಿಯಾಗಿ ಹೋಗೋ ವಿಸ್ಕಿಗೂ ಸ್ಕಾಟ್ಲೆಂಡಿನವರು ಹೆಚ್ಚುಕಮ್ಮಿ ಇದೇ ಹೆಸರು ಇಟ್ಟಿದ್ದಾರೆ, ದೇವತೆಗಳ ಪಾಲು ಅಂತ. ಅವರ ದೇವತೆಗಳು ವರ್ಷಕ್ಕೆ ಎರಡು ಪರ್ಸೆಂಟ್ ಕುಡಿದು ಸುಮ್ಮನಾಗ್ತಾರೆ. ನಮ್ಮ ಬಿಸಿಲು ಅದರ ಐದಾರು ಪಟ್ಟು ಕೇಳುತ್ತೆ.

ವಿಸ್ಕಿ ಅಂದ್ರೆ ಏನು? ರಾಗಿ ಮಾಲ್ಟ್‌ನಿಂದ ಶುರು ಮಾಡೋಣ

ಲೆಕ್ಕಕ್ಕೆ ಹೋಗೋ ಮೊದಲು ಇದನ್ನ ಮಾಡೋದು ಹೇಗೆ ಅಂತ ತಿಳ್ಕೊಳ್ಳಬೇಕು. ಹೆದರಬೇಡಿ, ಅರ್ಧ ನಮ್ಮ ಅಡುಗೆಮನೆಯಲ್ಲೇ ಇದೆ.

ರಾಗಿ ಮಾಲ್ಟ್ ಮಾಡೋದು ನೋಡಿದ್ದೀರಲ್ಲ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸ್ತಾರೆ. ಆಮೇಲೆ ಒಣಗಿಸಿ, ಹುರಿದು ಬೀಸ್ತಾರೆ. ಮೊಳಕೆ ಬಂದ ಧಾನ್ಯ ಸ್ವಲ್ಪ ಸಿಹಿಯಾಗಿರುತ್ತೆ. ಯಾಕಂದ್ರೆ ಕಾಳು ತನ್ನೊಳಗಿನ ಪಿಷ್ಟವನ್ನ ಸಕ್ಕರೆ ಮಾಡೋ ಎಂಜೈಮ್‌ಗಳನ್ನ ತಯಾರಿಸಿಕೊಂಡಿರುತ್ತೆ. ಮರಿಗಿಡಕ್ಕೆ ಊಟ ಬೇಕಲ್ಲ! ಮಾಲ್ಟ್ ವಿಸ್ಕಿಯಲ್ಲಿ ರಾಗಿ ಬದಲು ಜವೆಗೋಧಿ, ಅಂದ್ರೆ ಬಾರ್ಲಿ. ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯನ್ನ ಒರಟಾಗಿ ಬೀಸಿ, ಸುಮಾರು 65 ಡಿಗ್ರಿ ಬಿಸಿನೀರಲ್ಲಿ ಕಲಸ್ತಾರೆ. ಎಂಜೈಮ್ ಕೆಲಸ ಮುಗಿಸುತ್ತೆ, ಸಿಹಿ ನೀರು ಸಿಗುತ್ತೆ.

ಎರಡನೇ ಹಂತ ಹುಳಿ ಬರೋದು. ಇಡ್ಲಿ ಹಿಟ್ಟು ಉಬ್ಬಿದ ಹಾಗೇ ಅಂದ್ಕೊಳ್ಳಿ. ಸಿಹಿ ನೀರಿಗೆ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಎರಡು ಮೂರು ದಿನದಲ್ಲಿ ಏಳೆಂಟು ಪರ್ಸೆಂಟ್ ಆಲ್ಕೋಹಾಲ್ ಇರೋ ದ್ರವ ಸಿಗುತ್ತೆ.

ಮೂರನೇದು ಭಟ್ಟಿ ಇಳಿಸೋದು. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತೆ, ನೀರು 100ಕ್ಕೆ. ಕಾಯಿಸಿದಾಗ ಮೇಲೆ ಬರೋ ಆವಿಯಲ್ಲಿ ಆಲ್ಕೋಹಾಲ್ ಪಾಲು ಜಾಸ್ತಿ. ತಣ್ಣಗೆ ಮಾಡಿ ಹಿಡಿದರೆ ದ್ರವ ಗಟ್ಟಿ ಆಗ್ತಾ ಹೋಗುತ್ತೆ. ಇದನ್ನ ದೊಡ್ಡ ತಾಮ್ರದ ಪಾತ್ರೆಯಲ್ಲಿ ಎರಡು ಸಲ ಮಾಡ್ತಾರೆ. ತಾಮ್ರವೇ ಯಾಕೆ ಅಂದ್ರೆ, ಅದು ಕೆಟ್ಟ ವಾಸನೆ ಕೊಡೋ ಗಂಧಕದ ಸಂಯುಕ್ತಗಳನ್ನ ಹಿಡಿದುಕೊಳ್ಳುತ್ತೆ. ಎರಡನೇ ಸಲ ಇಳಿಸುವಾಗ ಮೊದಲು ಬರೋದನ್ನ ಬೇರೆ ತೆಗೀತಾರೆ, ಕೊನೆಗೆ ಬರೋದನ್ನೂ ಬೇರೆ ತೆಗೀತಾರೆ. ನಡುವಿನದ್ದು ಮಾತ್ರ ಮುಂದಕ್ಕೆ. ಎಲ್ಲಿ ಶುರು, ಎಲ್ಲಿ ನಿಲ್ಲಿಸಬೇಕು ಅನ್ನೋದು ಭಟ್ಟಿ ನೋಡೋರ ಅನುಭವ.

ಇಷ್ಟಾದಾಗಲೂ ಅದು ನೀರಿನ ಹಾಗೇ ಇರುತ್ತೆ, ಬಣ್ಣ ಇಲ್ಲ. ನಾಲ್ಕನೇ ಹಂತ ಓಕ್ ಮರದ ಪೀಪಾಯಿ. ಅಮೆರಿಕದ ಬರ್ಬನ್ ವಿಸ್ಕಿಯವರು ಕಾನೂನಿನ ಪ್ರಕಾರ ಪ್ರತಿ ಸಲ ಹೊಸ ಪೀಪಾಯಿ ಬಳಸಬೇಕು. ಅವರು ಬಳಸಿ ಬಿಟ್ಟಿದ್ದನ್ನ ಉಳಿದ ದೇಶದವರು ಕೊಂಡುಕೊಳ್ತಾರೆ. ಒಳಗಡೆ ಸುಟ್ಟ ಮರ ಇರುತ್ತೆ. ಅದರಿಂದ ಬಣ್ಣ, ಟ್ಯಾನಿನ್, ವೆನಿಲ್ಲಾ ವಾಸನೆ ಎಲ್ಲಾ ನಿಧಾನವಾಗಿ ಇಳಿಯುತ್ತೆ. ಸ್ಕಾಚ್ ಅಂತ ಕರೆಸಿಕೊಳ್ಳೋಕೆ ಕನಿಷ್ಠ ಮೂರು ವರ್ಷ ಹೀಗೆ ಇರಬೇಕು. ಒಂದೇ ಭಟ್ಟಿಖಾನೆಯಲ್ಲಿ, ಬರೀ ಮಾಲ್ಟ್ ಮಾಡಿದ ಜವೆಗೋಧಿಯಿಂದ ಮಾಡಿದ್ದರೆ ಅದು ಸಿಂಗಲ್ ಮಾಲ್ಟ್.

ಕಾಕಂಬಿ ವಿಸ್ಕಿ

ಈಗ ನಮ್ಮ ದೇಶದ ವಿಷಯ. ಭಾರತದಲ್ಲಿ ವಿಸ್ಕಿ ಅಂತ ಮಾರೋದರಲ್ಲಿ ಬಹುಪಾಲು ಕಾಕಂಬಿಯಿಂದ ಬಂದ ಸ್ಪಿರಿಟ್. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಪಾಕವೇ ಕಾಕಂಬಿ. ಅದನ್ನ ಹುಳಿಸಿ, ಇಳಿಸಿ, ಸ್ವಲ್ಪ ಮಾಲ್ಟ್, ಬಣ್ಣ, ವಾಸನೆ ಸೇರಿಸಿದರೆ ಆಯ್ತು. ಕಬ್ಬಿನಿಂದ ಬಂದಿದ್ದು ಅಂದ್ಮೇಲೆ ಅದು ರಮ್‌ಗೆ ಹತ್ತಿರ. ಹಾಗಾಗಿ ಯುರೋಪಿನಲ್ಲಿ ಅದನ್ನ ವಿಸ್ಕಿ ಅಂತ ಮಾರೋ ಹಾಗಿಲ್ಲ. ಅಲ್ಲಿ ವಿಸ್ಕಿ ಅಂದ್ರೆ ಧಾನ್ಯದಿಂದಲೇ ಆಗಬೇಕು, ಮರದಲ್ಲಿ ಮೂರು ವರ್ಷ ಇರಬೇಕು.

ಇಂಡಿಯನ್ ವಿಸ್ಕಿ ಅಂದ್ರೆ ಹೊರಗಿನವರು ನಗ್ತಿದ್ದದ್ದು ಇದಕ್ಕೇ. ಆ ನಗುವನ್ನ ನಿಲ್ಲಿಸಿದ್ದು ಬೆಂಗಳೂರಿನ ಒಂದು ಮನೆತನದ ಕಂಪನಿ.

ಮೂರು ತಲೆಮಾರು

ಅಮೃತ್ ಡಿಸ್ಟಿಲರೀಸ್ ಶುರುವಾಗಿದ್ದು 1948ರಲ್ಲಿ. ಶುರು ಮಾಡಿದವರು ಜೆ. ಎನ್. ರಾಧಾಕೃಷ್ಣ ರಾವ್ ಜಗದಾಳೆ. ಆಗ ಬ್ರಾಂದಿ, ರಮ್‌ನಂಥ ಮಾಮೂಲಿ ಮದ್ಯದ ವ್ಯಾಪಾರ. 1976ರಲ್ಲಿ ಅವರು ತೀರಿಕೊಂಡ ಮೇಲೆ ಮಗ ನೀಲಕಂಠ ಜಗದಾಳೆ ಜವಾಬ್ದಾರಿ ತಗೊಂಡರು. 1980ರ ದಶಕದಲ್ಲಿ ನೀಲಕಂಠ ಅವರು ಹರಿಯಾಣ, ಪಂಜಾಬ್, ರಾಜಸ್ಥಾನದ ಜವೆಗೋಧಿ ತರಿಸಿ ಮಾಲ್ಟ್ ಸ್ಪಿರಿಟ್ ಮಾಡೋಕೆ ಶುರು ಮಾಡಿದರು. ಆದರೆ ಅದನ್ನ ಹಾಗೇ ಮಾರಲಿಲ್ಲ. ಕಬ್ಬಿನ ಸ್ಪಿರಿಟ್ ಜೊತೆ ಬೆರೆಸಿ 1986ರಲ್ಲಿ ಮ್ಯಾಕಿಂತೋಷ್ ಅನ್ನೋ ಹೆಸರಲ್ಲಿ ಬಿಟ್ಟರು. ಹೆಸರು ಕೇಳಿದರೆ ಸ್ಕಾಟ್ಲೆಂಡಿನ ಯಾವುದೋ ಗೌಡರ ಮನೆಯದ್ದು ಅನ್ನಿಸಬೇಕು. ಆ ಕಾಲದಲ್ಲಿ ಎಲ್ಲರೂ ಮಾಡ್ತಿದ್ದದ್ದು ಅದೇ.

2000ದ ಹೊತ್ತಿಗೆ ಕಂಪನಿಯಲ್ಲಿ ಬೆರೆಸೋಕೆ ಬೇಕಾಗಿದ್ದಕ್ಕಿಂತ ಹೆಚ್ಚು ಮಾಲ್ಟ್ ವಿಸ್ಕಿ ಪೀಪಾಯಿಗಳಲ್ಲಿ ಉಳಿದಿತ್ತು. ದಿನಾ ಒಂದಿಷ್ಟು ಆವಿಯಾಗಿ ಹೋಗ್ತಿತ್ತು. ಆಗ ನೀಲಕಂಠ ಅವರ ಮಗ ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದ್ತಿದ್ದರು. ಭಾರತದ ಸಿಂಗಲ್ ಮಾಲ್ಟನ್ನ ಬ್ರಿಟನ್ನಿನಲ್ಲಿ ಮಾರಬಹುದಾ ಅಂತ ಅಲ್ಲೇ ಸ್ಟಡಿ ಮಾಡು ಅಂತ ಅಪ್ಪ ಹೇಳಿದರು. ಮಗ ಅದನ್ನೇ ತನ್ನ ಪ್ರಾಜೆಕ್ಟ್ ಮಾಡಿಕೊಂಡರು. (ನಮ್ಮ ಮಿನಿ ಪ್ರಾಜೆಕ್ಟ್‌ಗಳನ್ನ ನೆನೆಸಿಕೊಂಡು ನಮಗೇ ನಾಚಿಕೆ ಆಯ್ತು. ಯೂಟ್ಯೂಬ್ ನೋಡಿ ಲೈನ್ ಫಾಲೋವರ್ ರೋಬೋಟ್!) ಗ್ಲಾಸ್ಗೋದ ಹೆಸರಾಂತ ಬಾರ್ ಒಂದರಲ್ಲಿ, ಎಲ್ಲಿಯದು ಅಂತ ಹೇಳದೆ ಕುಡಿಸಿ ನೋಡಿದರು. ಕುಡಿದವರು ಇದು ಹಳೇ ಸ್ಕಾಚ್ ಇರಬೇಕು ಅಂದುಕೊಂಡರು. ವಯಸ್ಸನ್ನೂ ನಿಜಕ್ಕಿಂತ ಎಷ್ಟೋ ಜಾಸ್ತಿ ಊಹಿಸಿದರು.

2004ರ ಆಗಸ್ಟ್ 24ರಂದು ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆ ಆಯ್ತು. ಎಲ್ಲಿ ಗೊತ್ತಾ? ಗ್ಲಾಸ್ಗೋದಲ್ಲೇ, ಒಂದು ಇಂಡಿಯನ್ ಹೋಟೆಲಿನಲ್ಲಿ. ಸ್ಕಾಟ್ಲೆಂಡಿನವರ ಮನೆ ಬಾಗಿಲಿಗೇ ಹೋಗಿ ವಿಸ್ಕಿ ಮಾರೋದು ಅಂದ್ರೆ ದಾವಣಗೆರೆಗೆ ಬಂದು ಬೆಣ್ಣೆ ದೋಸೆ ಅಂಗಡಿ ಇಟ್ಟ ಹಾಗೆ! ಮೊದಲ ವರ್ಷಗಳು ಸುಲಭ ಇರಲಿಲ್ಲ. ರಕ್ಷಿತ್ ಮತ್ತು ಅವರ ಜೊತೆಗಿದ್ದ ಅಶೋಕ್ ಚೊಕ್ಕಲಿಂಗಂ ಬಾಟಲಿ ಹಿಡ್ಕೊಂಡು ಬಾರಿಂದ ಬಾರಿಗೆ ಅಲೆದರು. ಬೆಂಗಳೂರಿನಲ್ಲಿ ಸುರಿಂದರ್ ಕುಮಾರ್ ವಿಸ್ಕಿ ತಯಾರಿಕೆ ನೋಡಿಕೊಳ್ತಿದ್ದರು. ಆಮೇಲೆ ಬಂತು ಅಮೃತ್ ಫ್ಯೂಷನ್. ಇದರಲ್ಲಿ ಮುಕ್ಕಾಲು ಪಾಲು ಭಾರತದ ಜವೆಗೋಧಿ, ಕಾಲು ಪಾಲು ಸ್ಕಾಟ್ಲೆಂಡಿನ ಹೊಗೆ ಹಾಕಿದ ಜವೆಗೋಧಿ. 2010ರ ತನ್ನ ಪುಸ್ತಕದಲ್ಲಿ ವಿಮರ್ಶಕ ಜಿಮ್ ಮರ್ರೆ ಇದಕ್ಕೆ ನೂರಕ್ಕೆ 97 ಕೊಟ್ಟು ಜಗತ್ತಿನ ಮೂರನೇ ಶ್ರೇಷ್ಠ ವಿಸ್ಕಿ ಅಂದ. ಅಲ್ಲಿಂದ ನಗು ನಿಂತಿತು. ನಮ್ಮ ಬೆಂಗಳೂರಿನ ಅಂಗಡಿಗೆ ಈ ಸಿಂಗಲ್ ಮಾಲ್ಟ್ ಬಂದಿದ್ದೂ 2010ರಲ್ಲೇ. ಅಂದ್ರೆ ಊರಿನವರಿಗಿಂತ ಆರು ವರ್ಷ ಮೊದಲು ಹೊರಗಿನವರು ಕುಡಿದರು. ನೀಲಕಂಠ ಜಗದಾಳೆ 2019ರಲ್ಲಿ ತೀರಿಕೊಂಡರು. ಕಂಪನಿ ಈಗಲೂ ಮನೆಯವರ ಕೈಯಲ್ಲೇ ಇದೆ. ಮಾಲ್ಟ್ ಭಟ್ಟಿ ಇರೋದು ಮೈಸೂರು ರಸ್ತೆಯ ಕಂಬೀಪುರದಲ್ಲಿ.

ಈಗ ಲೆಕ್ಕ

ಕ್ಯಾಲ್ಕುಲೇಟರ್ ತೆಗೀರಿ. 200 ಲೀಟರ್ ಪೀಪಾಯಿ. ವರ್ಷಕ್ಕೆ 11 ಪರ್ಸೆಂಟ್ ಹೋಗುತ್ತೆ ಅಂದ್ಕೊಳ್ಳಿ. ಪ್ರತಿ ವರ್ಷ ಉಳಿಯೋದು 0.89 ಪಾಲು. ಕಾಂಪೌಂಡ್ ಇಂಟರೆಸ್ಟ್ ಲೆಕ್ಕವೇ, ಆದರೆ ಬಡ್ಡಿ ಉಲ್ಟಾ.

ನಾಲ್ಕು ವರ್ಷಕ್ಕೆ 0.89ರ ಘಾತ 4, ಅಂದ್ರೆ ಸುಮಾರು 0.63. ಉಳಿದದ್ದು 125 ಲೀಟರ್.
ಎಂಟು ವರ್ಷಕ್ಕೆ ಸುಮಾರು 0.39. ಉಳಿದದ್ದು 79 ಲೀಟರ್.
ಹನ್ನೆರಡು ವರ್ಷಕ್ಕೆ ಸುಮಾರು 0.25. ಉಳಿದದ್ದು 49 ಲೀಟರ್.

ಸ್ಕಾಟ್ಲೆಂಡಲ್ಲಿ ಎರಡು ಪರ್ಸೆಂಟ್ ಲೆಕ್ಕದಲ್ಲಿ ಹನ್ನೆರಡು ವರ್ಷ ಇಟ್ಟರೂ 157 ಲೀಟರ್ ಉಳಿಯುತ್ತೆ. ಅಲ್ಲಿ ಹನ್ನೆರಡು ವರ್ಷದ ವಿಸ್ಕಿ ಮಾಮೂಲಿ. ಇಲ್ಲಿ ಹನ್ನೆರಡು ವರ್ಷ ಅಂದ್ರೆ ಮುಕ್ಕಾಲು ಪಾಲು ಆಕಾಶಕ್ಕೆ. ಬಾಟಲಿ ಮೇಲೆ 12, 18 ಅಂತ ದೊಡ್ಡ ನಂಬರ್ ಹಾಕೋ ಅವರ ಆಟವನ್ನ ನಾವು ಆಡೋಕೆ ಹೋದರೆ ಪೀಪಾಯಿ ಖಾಲಿ.

ಆದರೆ ಬಿಸಿಲು ಬರೀ ಕಿತ್ತುಕೊಳ್ಳಲ್ಲ, ಕೊಡೋದೂ ಇದೆ. ಅರ್ಹೀನಿಯಸ್ ಸಮೀಕರಣ ನೆನಪಿದೆಯಾ? ತಾಪಮಾನ ಏರಿದರೆ ರಿಯಾಕ್ಷನ್ ಜೋರಾಗುತ್ತೆ. ಬಿಸಿ ಆದಾಗ ದ್ರವ ಹಿಗ್ಗಿ ಮರದೊಳಗೆ ನುಗ್ಗುತ್ತೆ, ತಣ್ಣಗಾದಾಗ ವಾಪಸ್ ಬರುತ್ತೆ, ಬರುವಾಗ ಮರದ ಸತ್ವ ತರುತ್ತೆ. ಬೆಂಗಳೂರಿನ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷಕ್ಕೆ ಸಮ ಅಂತ ಈ ಉದ್ಯಮದವರು ಹೇಳ್ತಾರೆ. ಅದು ಅಂದಾಜು, ಸೂತ್ರ ಅಲ್ಲ. ಆದರೂ ನಾಲ್ಕೈದು ವರ್ಷದಲ್ಲಿ ಇಲ್ಲಿ ವಿಸ್ಕಿ ಹದಕ್ಕೆ ಬರುತ್ತೆ. ಇನ್ನೂ ಇಟ್ಟರೆ ಮರದ ಒಗರು ಜಾಸ್ತಿ ಆಗೋ ಅಪಾಯ ಬೇರೆ.

ಇನ್ನೊಂದು ಚಿಕ್ಕ ವಿಷಯ. ಚಿಕ್ಕ ಪೀಪಾಯಿಯಲ್ಲಿ ನಷ್ಟ ಜಾಸ್ತಿ, ಯಾಕಂದ್ರೆ ಪ್ರತಿ ಲೀಟರ್‌ಗೆ ತಾಗೋ ಮರದ ಮೈ ಜಾಸ್ತಿ. ಅಗಲವಾಗಿ ಹರಡಿದ ಕೆರೆಯಲ್ಲಿ ಆಳ ಕಮ್ಮಿ ಇದ್ದಷ್ಟೂ ಬಿಸಿಲಿನ ಪಾಲು ಜಾಸ್ತಿ ಅನ್ನೋದೂ ಇದೇ ನಿಯಮ. ಸೂಳೆಕೆರೆಯಲ್ಲಿ ಹೂಳು ತುಂಬಿದರೆ ರೈತರು ಯಾಕೆ ಅಷ್ಟು ಕಳವಳ ಪಡ್ತಾರೆ ಅಂತ ನಮಗೆ ಆವತ್ತು ಅರ್ಥ ಆಯ್ತು. ಹೂಳು ಜಾಗ ತಿನ್ನುತ್ತೆ, ಆದರೆ ಬಿಸಿಲು ಬಡಿಯೋ ಮೈ ಹಾಗೇ ಇರುತ್ತೆ.

2013ರಲ್ಲಿ ಅಮೃತ್‌ನವರು ಎಂಟು ವರ್ಷದ ವಿಸ್ಕಿ ಒಂದನ್ನ ಬಿಟ್ಟರು. ಭಾರತದ ಮಟ್ಟಿಗೆ ಎಂಟು ಅಂದ್ರೆ ಮುದಿವಯಸ್ಸು. ಅದಕ್ಕಿಟ್ಟ ಹೆಸರಿನ ಅರ್ಥ 'ದುರಾಸೆಯ ದೇವತೆಗಳು' ಅಂತ. ನಷ್ಟವನ್ನ ಮುಚ್ಚಿಡಲಿಲ್ಲ, ಅದನ್ನೇ ಹೆಸರು ಮಾಡಿದರು. ಸರ್ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತೆ. ಬೇರೆಯವರ ಊರಿನ ಲೆಕ್ಕ ಬಿಟ್ಟು, ನಮ್ಮೂರಿನ ಬಿಸಿಲಿಗೆ ಕೊಡೋದು ಕೊಟ್ಟು, ಉಳಿದದ್ದರಲ್ಲಿ ಲೆಕ್ಕ ಹಾಕಬೇಕು. ಅಜ್ಜ ಹೇಳಿದ್ದೂ ಅದೇ ಅಲ್ವಾ?

ಚೊಗರು

ಆವತ್ತು ಸಂಜೆ ಗೆಳೆಯನ ಮನೆಯಲ್ಲಿ ಅಡಿಕೆ ಬೇಯಿಸ್ತಿದ್ದರು. ಚನ್ನಗಿರಿ ಕಡೆ ಈ ಕಾಲದಲ್ಲಿ ಯಾವ ಊರಿಗೆ ಹೋದರೂ ಅದೇ ವಾಸನೆ. ಸುಲಿದ ಹಸಿ ಅಡಿಕೆಯನ್ನ ದೊಡ್ಡ ಹಂಡೆಯಲ್ಲಿ ಹಾಕಿ ಕುದಿಸ್ತಾರೆ, ಆಮೇಲೆ ಬಿಸಿಲಲ್ಲಿ ಒಣಗಿಸ್ತಾರೆ. ಆ ಕೆಂಪು ಬಣ್ಣ ಬರೋದು ಚೊಗರಿನಿಂದ. ಅಡಿಕೆ ಬೇಯಿಸಿ ಬೇಯಿಸಿ ಉಳಿದ ಗಟ್ಟಿ ಕೆಂಪು ನೀರೇ ಚೊಗರು. ಅದನ್ನ ಚೆಲ್ಲಲ್ಲ. ಒಂದು ಸುಗ್ಗಿಯದ್ದನ್ನ ಮುಂದಿನ ಸುಗ್ಗಿಗೆ ಎತ್ತಿಡ್ತಾರೆ. ಅಜ್ಜ ಡ್ರಮ್ ತೋರಿಸಿ, "ಹೋದ ವರ್ಷದ್ದು" ಅಂದರು.

ಅದೂ ಟ್ಯಾನಿನ್ನೇ! ಪೀಪಾಯಿಯಿಂದ ವಿಸ್ಕಿಗೆ ಬಣ್ಣ, ಒಗರು ಕೊಡೋದೂ ಟ್ಯಾನಿನ್ ಜಾತಿಯದ್ದೇ. ಆದರೆ ನಮಗೆ ಹಿಡಿಸಿದ್ದು ಕೆಮಿಸ್ಟ್ರಿ ಅಲ್ಲ. ಮನೆತನದ ಕಸುಬಿಗೂ ಬೇರೆ ಕಾರ್ಖಾನೆಗೂ ವ್ಯತ್ಯಾಸ ಏನು ಅಂತ ನಾವು ಚರ್ಚೆ ಮಾಡ್ತಿದ್ವಿ. ಈ ಡ್ರಮ್ಮೇ ಉತ್ತರ. ಈ ವರ್ಷದ ಲಾಭದಲ್ಲಿ ಕಾಣಿಸದೇ ಇರೋದನ್ನ ಮುಂದಿನವರಿಗೆ ಎತ್ತಿಡೋದು. ಅಡಿಕೆ ಗಿಡ ನೆಟ್ಟು ಫಸಲಿಗೆ ಐದಾರು ವರ್ಷ ಕಾಯೋ ಮನೆಯವರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ವಿಸ್ಕಿಯೂ ಅಷ್ಟೇ. ಇವತ್ತು ಇಳಿಸಿದ್ದಕ್ಕೆ ದುಡ್ಡು ಬರೋದು ನಾಲ್ಕೈದು ವರ್ಷ ಆದ್ಮೇಲೆ, ಅದೂ ಮೂರನೇ ಒಂದು ಪಾಲಿಗಿಂತ ಜಾಸ್ತಿ ಆವಿಯಾಗಿ ಹೋದ ಮೇಲೆ. ಮೂರು ತಿಂಗಳಿಗೊಮ್ಮೆ ಲಾಭ ತೋರಿಸು ಅನ್ನೋರಿಗೆ ಇದು ಕಷ್ಟ. ಅಪ್ಪ ಶುರು ಮಾಡಿದ್ದನ್ನ ಮಗ ಮುಗಿಸ್ತಾನೆ ಅನ್ನೋ ಭರವಸೆ ಇದ್ದೋರಿಗೆ ಸ್ವಲ್ಪ ಸುಲಭ. ಮನೆತನದ ಕಂಪನಿ ಅಂದಮಾತ್ರಕ್ಕೆ ಒಳ್ಳೇದು ಅಂತ ನಾವು ಹೇಳ್ತಿಲ್ಲ. ಕಾಯೋ ಶಕ್ತಿ ಅಲ್ಲಿ ಸಿಗೋ ಸಾಧ್ಯತೆ ಇದೆ ಅಷ್ಟೇ.

ಹೆಸರಿನ ವಿಷಯ

1986ರಲ್ಲಿ ಮ್ಯಾಕಿಂತೋಷ್, 2004ರಲ್ಲಿ ಅಮೃತ್. ಈ ಹದಿನೆಂಟು ವರ್ಷದಲ್ಲಿ ಏನೋ ಬದಲಾಯ್ತು. ಸ್ಕಾಟ್ಲೆಂಡಿಗೇ ಹೋಗಿ ಮಾರುವಾಗ ಸ್ಕಾಟ್ಲೆಂಡಿನ ಹೆಸರು ಇಟ್ಟುಕೊಳ್ಳಲಿಲ್ಲ. ಸಮುದ್ರ ಮಥನದ ಹೆಸರನ್ನೇ ಇಟ್ಟು, ಬಾಟಲಿ ಮೇಲೆ ಇಂಡಿಯನ್ ಸಿಂಗಲ್ ಮಾಲ್ಟ್ ಅಂತ ಅಚ್ಚು ಹಾಕಿಸಿದರು. ಇಂಡಿಯನ್ ಅಂದ್ರೆ ನಗ್ತಾರೆ ಅಂತ ಗೊತ್ತಿದ್ದೂ.

ಇದು ನಮಗೆ ಯಾಕೆ ತಟ್ಟಿತು ಅಂದ್ರೆ, ನಾವು ಸೂಳೆಕೆರೆ ಅನ್ನೋ ಹೆಸರನ್ನ ಕಾಲೇಜಲ್ಲಿ ಹೇಳೋಕೆ ನಾಚಿಕೆ ಪಡ್ತೀವಿ. 'ಶಾಂತಿಸಾಗರ' ಅಂತ ಮರ್ಯಾದೆಯಾಗಿ ಹೇಳ್ತೀವಿ. ಜನ ಹೇಳೋ ಕತೆಯಲ್ಲಿ ಶಾಂತವ್ವ ಅನ್ನೋ ಹೆಣ್ಣುಮಗಳು ಅಪ್ಪನಿಂದಲೇ ಆ ಬೈಗುಳ ತಿಂದು, ಆಮೇಲೆ ಈ ಕೆರೆ ಕಟ್ಟಿಸಿದಳು. ಬೈಗುಳ ಕೆರೆಗೆ ಹೆಸರಾಗಿ ಉಳೀತು, ನೀರು ಊರಿಗೆ ಅನ್ನ ಆಗಿ ಉಳೀತು. ಅಜ್ಜ ಯಾವ ಸಂಕೋಚವೂ ಇಲ್ಲದೆ 'ಸೂಳೆಕೆರೆ' ಅಂತಾರೆ. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಕ್ಕಳು. ಕನ್ನಡದಲ್ಲಿ 'ಪಿಷ್ಟ' ಅಂತ ಬರೆಯೋಕೆ ಎರಡು ಸಲ ಡಿಕ್ಷನರಿ ನೋಡಿದ್ವಿ. ನಮ್ಮದನ್ನ ನಮ್ಮ ಹೆಸರಲ್ಲಿ ಕರೆಯೋಕೆ ಎಷ್ಟು ಧೈರ್ಯ ಬೇಕು ಅಂತ ನಮಗೆ ಚೆನ್ನಾಗಿ ಗೊತ್ತು.

ಇನ್ನರ್ಧ

ರಾತ್ರಿ ಊಟಕ್ಕೆ ಕೂತಾಗ ಗೆಳೆಯನ ಅಮ್ಮ ಕೇಳಿದರು, "ಏನ್ರಪ್ಪಾ ಬೆಳಿಗ್ಗೆಯಿಂದ ಬರೀತಾನೇ ಇದೀರಲ್ಲ, ಏನದು?" ನಾವು ಉತ್ಸಾಹದಲ್ಲಿ ವಿಸ್ಕಿ ಅಂದುಬಿಟ್ವಿ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಗೆಳೆಯ ತಟ್ಟೆ ನೋಡ್ತಾ ಕೂತ. ಆಮೇಲೆ ಅವನೇ ಹೇಳಿದ, ಅವನ ದೊಡ್ಡಪ್ಪ ಕುಡಿದೇ ಸತ್ತಿದ್ದು. ನಲವತ್ತೈದು ವಯಸ್ಸು. ತೋಟದ ಒಂದು ಪಾಲು ಅದರಲ್ಲೇ ಹೋಯ್ತು. ಎರಡು ವರ್ಷದಿಂದ ಒಂದೇ ಹಾಸ್ಟೆಲ್ ರೂಮಲ್ಲಿದ್ದೀವಿ, ನಮಗೆ ಗೊತ್ತೇ ಇರಲಿಲ್ಲ.

ನಾವು ಪುಸ್ತಕ ಮುಚ್ಚಿಟ್ವಿ. "ಬೇಡ ಆಂಟಿ, ಬೇರೆ ಏನಾದ್ರೂ ಬರೀತೀವಿ" ಅಂದ್ವಿ. ಅವರು ಮಜ್ಜಿಗೆ ಬಡಿಸ್ತಾ ಹೇಳಿದರು: "ಬರೀರಪ್ಪಾ. ನಾನೇನ್ ಬೇಡ ಅನ್ನಲ್ಲ. ಆದ್ರೆ ಅರ್ಧ ಬರೀಬೇಡಿ."

ಹಾಗಾಗಿ ಇನ್ನರ್ಧ ಇಲ್ಲಿದೆ.

ಬಾಟಲಿ ದುಬಾರಿ ಆದಮಾತ್ರಕ್ಕೆ ಒಳಗಿರೋ ಎಥನಾಲ್ ಬದಲಾಗಲ್ಲ. ಜವೆಗೋಧಿಯಿಂದ ಬಂದರೂ, ಕಾಕಂಬಿಯಿಂದ ಬಂದರೂ ಅದೇ ಅಣು, ಯಕೃತ್ತಿಗೆ ಅದೇ ಕೆಲಸ. ಆಲ್ಕೋಹಾಲ್ ಪಾನೀಯಗಳು ಕ್ಯಾನ್ಸರ್ ತರುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಇಷ್ಟು ಕುಡಿದರೆ ಏನೂ ಆಗಲ್ಲ ಅನ್ನೋ ಮಿತಿ ಇಲ್ಲ ಅಂತ ಆ ಸಂಸ್ಥೆ 2023ರಲ್ಲಿ ಮತ್ತೆ ಹೇಳಿದೆ. ಕಳ್ಳಭಟ್ಟಿ ಅಂತೂ ಬೇರೆಯದೇ ಅಪಾಯ. ಅಲ್ಲಿ ಸಾಮಾನ್ಯವಾಗಿ ಜೀವ ತೆಗೆಯೋದು ಯಾರೋ ಬೆರೆಸಿದ ಮೆಥನಾಲ್. ಅದು ದೇಹದಲ್ಲಿ ಫಾರ್ಮಿಕ್ ಆಮ್ಲ ಆಗಿ ಮೊದಲು ಕಣ್ಣಿನ ನರಕ್ಕೆ ಹೊಡೆಯುತ್ತೆ.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತು. ಅದಕ್ಕೆ ಹಳ್ಳಿಗಳಲ್ಲಿ ಹೋರಾಡಿದವರಲ್ಲಿ ಹೆಣ್ಣುಮಕ್ಕಳೇ ಮುಂದೆ ಇದ್ದರು. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ಪ್ಯಾಕೆಟ್ ವಿಸ್ಕಿ, ಬ್ರಾಂದಿ ಬಂತು. ಗೆಳೆಯನ ದೊಡ್ಡಪ್ಪ ಕುಡೀತಿದ್ದದ್ದು ಅದನ್ನೇ. ಅಮೃತ್ ಕೂಡ ಬರೀ ಸಿಂಗಲ್ ಮಾಲ್ಟ್ ಮಾಡೋ ಕಂಪನಿ ಅಲ್ಲ. ರಮ್, ಬ್ರಾಂದಿ, ಮಾಮೂಲಿ ವಿಸ್ಕಿಯೂ ಮಾಡುತ್ತೆ. ದೇಶದ ಎಲ್ಲಾ ದೊಡ್ಡ ಮದ್ಯದ ಕಂಪನಿಗಳ ಹಾಗೆ. ಪ್ರಶಸ್ತಿ ಬಂದಿದ್ದನ್ನ ಹೇಳಿ ಇದನ್ನ ಬಿಟ್ಟರೆ ಅರ್ಧ ಬರೆದ ಹಾಗೆ.

ಹಾಗಾದ್ರೆ ಮೌಲ್ಯ ಅಂತ ನಾವು ಹೇಳಿದ್ದೆಲ್ಲಾ ಸುಳ್ಳಾ? ಇದರ ಮೇಲೆ ನಾವು ವಾಪಸ್ ಬರೋ ಬಸ್ಸಲ್ಲಿ ಪೂರ್ತಿ ಜಗಳ ಆಡಿದ್ವಿ. ಒಬ್ಬ, "ಎಂಜಿನಿಯರಿಂಗ್ ಒಳ್ಳೇದು, ಪ್ರಾಡಕ್ಟ್ ಕೆಟ್ಟದ್ದು" ಅಂದ. ಇನ್ನೊಬ್ಬಳು, "ಹಂಗೆ ಬೇರೆ ಮಾಡೋಕೆ ಆಗಲ್ಲ, ಮಾಡಿದ್ದಕ್ಕೆ ಜವಾಬ್ದಾರಿ ಮಾಡಿದವರದ್ದೂ ಇರುತ್ತೆ" ಅಂದಳು. ಊರಿನ ಗೆಳೆಯ ಕೊನೆಗೆ ಒಂದೇ ಮಾತು ಅಂದ: "ಬಿಸಿಲು ತಗೊಂಡಿದ್ದನ್ನ ಲೆಕ್ಕಕ್ಕೆ ಹಿಡೀತೀರಲ್ಲ, ಬಾಟಲಿ ತಗೊಂಡಿದ್ದನ್ನೂ ಹಿಡೀರಿ."

ಅದಕ್ಕಿಂತ ಚೆನ್ನಾಗಿ ನಮಗೆ ಹೇಳೋಕೆ ಬರಲ್ಲ. ಪೀಪಾಯಿಯಿಂದ ಎಷ್ಟು ಹೋಯ್ತು ಅಂತ ಆ ಕಂಪನಿ ಮುಚ್ಚಿಡದೆ ಬಾಟಲಿ ಮೇಲೇ ಹೆಸರು ಮಾಡಿ ಬರೀತು. ಅದು ನಮಗೆ ಇಷ್ಟ ಆಯ್ತು. ನಾಳೆ ನಾವು ಕಟ್ಟೋದು ಸೇತುವೆ ಇರಲಿ, ಆ್ಯಪ್ ಇರಲಿ, ಅದು ಯಾರಿಂದ ಏನು ತಗೊಳ್ಳುತ್ತೆ ಅನ್ನೋದನ್ನೂ ಅಷ್ಟೇ ನೇರವಾಗಿ ಬರೆಯೋಕೆ ನಮಗೆ ಆಗುತ್ತಾ? ನಾವು ಲಾಭದ ಕಾಲಮ್ ಮಾತ್ರ ತುಂಬೋದನ್ನ ಕಲೀತಿದ್ದೀವಿ ಅನ್ನೋ ಭಯ ಇದೆ.

ಈ ಲೇಖನವನ್ನ ಹಾಕೋ ಮೊದಲು ಗೆಳೆಯನ ಮನೆಗೆ ಫೋನ್ ಮಾಡಿ ಅಮ್ಮನಿಗೆ ಪೂರ್ತಿ ಓದಿ ಹೇಳಿದ್ವಿ. ದೊಡ್ಡಪ್ಪನ ವಿಷಯ ಇರಲಾ, ತೆಗೀಲಾ ಅಂತ ಕೇಳಿದ್ವಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡ್ರಿ, ಊರಿಗೆಲ್ಲಾ ಗೊತ್ತಿರೋದೇ" ಅಂದರು. ಆಮೇಲೆ ಕೇಳಿದರು, ಸುಗ್ಗಿ ಮುಗಿಯೋದ್ರೊಳಗೆ ಇನ್ನೊಂದ್ಸಲ ಬರ್ತೀರಾ ಅಂತ. ಬ್ಯಾಸಿಗೆಗೆ ಬರ್ತೀವಿ ಅಂದ್ವಿ. ಬಿಸಿಲು ತನ್ನ ಪಾಲು ತಗೊಂಡ ಮೇಲೆ ಕೆರೆ ಎಷ್ಟು ಉಳಿದಿರುತ್ತೆ ಅಂತ ನೋಡಬೇಕು.